ಗುಂಯ್ ಅನ್ನೂ ಹಾಡು

"ಅದ ಕೆಟ್ಟಿಲ್ಲ, ಮುಟ್ಟಬ್ಯಾಡ್ರಿ. ಇಲ್ಲೆ ಬಂದ ಕುಂಡರ್ರಿ."

ನನ್ನ ಹೆಂಡತಿ ನನಗ ಆಡಿದ ಕಡೀ ಮಾತು ಇದು. ಸೊಲ್ಲಾಪುರದ ದವಾಖಾನಿ. ಅಕಿ ತಲಿ ಹತ್ತಿರ ಒಂದ ಮಶೀನು ಗುಂಯ್ ಅಂತಿತ್ತು. ನಾ ಎದ್ದ ಅದರ ವಾಯರ್ ನೋಡಾಕ ಹೋಗಿದ್ದೆ.

ನನ್ನ ಚಟಾ ಅದು. ಮೂವತ್ತ ವರ್ಷ ಲಗ್ನಕ್ಕ, ಭಜನಿಗೆ ಸ್ಪೀಕರ್ ಬಾಕ್ಸ್ ಬಾಡಗಿ ಕೊಟ್ಟೀನಿ. ಗುಂಯ್ ಅಂದರ ಕೈ ಸುಮ್ಮ ಇರಂಗಿಲ್ಲ. ಅದಕ್ಕ ನನ್ನ ಜಲ್ಮದಾಗ ಇಂಥಾ ಫಜೀತಿ ಆಗ್ತಾನ ಇರತಾವು. ಅಕಿ ಹೋದ ಮ್ಯಾಲ ಬಾಕ್ಸ್ ಮುಟ್ಟಿರಲಿಲ್ಲ. ಒಬ್ಬನ ಕುಂತ ಈ ಧಂಧಾ ಆಗಂಗಿಲ್ಲ, ಮಾರಿಬಿಡೂದು ಅಂತ ಗಿರಾಕಿನೂ ಗೊತ್ತ ಮಾಡಿದ್ದೆ. ಸೋಮಾರ ಬಂದ ಒಯ್ತೀನಿ ಅಂದಿದ್ದ.

೧. ಮೊದಲನೇ ಭೆಟ್ಟಿ

ಅಕಿ ಇದ್ದಾಗಿನ ಮಾತು, ಒಂದಿನ ಮೂರ ಮಂದಿ ಬಂದಿದ್ದರು. ಇಬ್ಬರ ಹುಡುಗೂರು, ಒಬ್ಬಾಕಿ ಹುಡುಗಿ. ಮಶೀನಿನ ಮ್ಯಾಲ ಸದ್ದ ಮಾಡತೀವಿ, ಗ್ವಾಡಿ ಮ್ಯಾಲ ಚಿತ್ರಾ ಬಿಡತೀವಿ, ಬಾಕ್ಸ್ ಬೇಕು ಅಂದರು. ಹಾಡಾವ್ರ ಯಾರು ಅಂತ ಕೇಳಿದೆ. ಯಾರೂ ಇಲ್ಲ ಅಂದರು.

ಕಾರ್ಯಕ್ರಮ ಸುರು ಆತು. ಬರೇ ಗುಂಯ್. ನನಗ ನಾಚಿಕಿ ಆತು, ಬಾಕ್ಸ್ ನನ್ನವು ಅಲ್ಲೇನು. ಹಿಂದ ಹೋಗಿ ಸಡ್ಲ ಬಿಟ್ಟಿದ್ದ ಒಂದ ವಾಯರ್ ಬಿಗಿ ಮಾಡಿದೆ. ಎಲ್ಲಾ ಗಪ್ ಆತು. ಹೆಮ್ಮಿಲೆ ನಿಂತೆ. ಹುಡುಗಿ ಬಂದ ಸಾವಕಾಶ ಅಂದಳು: "ಕಾಕಾ, ಅದ ಹಾಡ ಇತ್ತರಿ."

೨. ಪಾಳಿ ಬಿಟ್ಟತು

ಸೊಲ್ಲಾಪುರದ ಮಿಲ್ಲ ಬಂದ್ ಬಿದ್ದ ಎಷ್ಟೋ ವರ್ಷ ಆತು. ಮೊದಲ ಪಾಳಿ ಬಿಟ್ಟಾಗ ಮಿಲ್ಲಿನ ಭೋಂಗಾ, ಅಂದರ ಸೈರನ್, ಹೊಡೀತಿತ್ತು. ಈ ಹುಡುಗೂರು ಹಳೇ ಮಂದಿನ್ನ ಕೇಳಿ ಕೇಳಿ ಆ ಸದ್ದ ಮಶೀನಿನ್ಯಾಗ ತಯಾರ ಮಾಡಿದರು. ಗ್ವಾಡಿ ತುಂಬ ಹತ್ತಿ ಹಾರಾಡೂ ಚಿತ್ರಾ. ಮುಂದಿನ ಸಾಲಿನ್ಯಾಗ ಮಿಲ್ಲಿನ ಮುದುಕರು.

ಭೋಂಗಾ ಹೊಡೀತು. ಮುದುಕರೆಲ್ಲಾ ಎದ್ದರು, ಪಿಶವಿ ಚೀಲ ತಗೊಂಡರು, ಹೊಂಟರು. ಕಾರ್ಯಕ್ರಮ ಇನ್ನಾ ಅರ್ಧಾ ಉಳದಿತ್ತು. ಬಾಗಲದಾಗ ತಡದೆ. ಪಾಳಿ ಬಿಟ್ಟತಲ್ಲ, ಇನ್ನ ಕುಂತರ ಓವರ್‌ಟೈಮ್ ನಿಮ್ಮಪ್ಪ ಕೊಡತಾನೇನ ಅಂದ ಒಬ್ಬಾಂವ. ಮಂದ್ಯಾಗ ಕುಂತಿದ್ದ ನನ್ನ ಹೆಂಡತಿ ಸೆರಗ ಬಾಯಾಗ ಇಟಗೊಂಡ ನಕ್ಕಿದ್ದು ಈಗೂ ಕಣ್ಣಾಗ ಐತಿ.

೩. ಮಿಕ್ಸರ್

ತಾಲೀಮು ನಮ್ಮ ಮನ್ಯಾಗ ಮಾಡ್ರಿ ಅಂತ ನನ್ನ ಹೆಂಡತಿನ ಹುಡುಗೂರನ್ನ ಕರದಿದ್ದಳು. ರೊಟ್ಟಿ ಬಡದ ಹಾಕತಿದ್ದಳು. ಬಾಜೂ ಮನಿ ಬಾಯಿ ಬಂದ, ದಿನಾ ಏನ ಸಪ್ಪಳ ಇದು ಅಂತ ಕೇಳಿದಳು. ನನ್ನಾಕಿ ತಿಳಿಸಿ ಹೇಳಿ ಸಾಕಾಗಿ, ಮಿಕ್ಸರ್ ರಿಪೇರಿ ನಡದೈತಿ ಅಂದಳು. ಮರುದಿನ ಆ ಬಾಯಿ ತನ್ನ ಮಿಕ್ಸರ್ ತಂದ ಇಟ್ಟಳು.

ಹುಡುಗೂರಿಗೆ ರಿಪೇರಿ ಎಲ್ಲಿ ಬರತೈತಿ. ಖುಷೀಲೆ ಅದರ ಸದ್ದ ತಮ್ಮ ಮಶೀನಿನ್ಯಾಗ ತುಂಬಿಕೊಂಡರು, ಹಂಗ ವಾಪಸ್ ಕೊಟ್ಟರು. ಎಂಟ ದಿನಕ್ಕ ಬಾಯಿ ಶೇಂಗಾ ಚಟ್ನಿ ಹಿಡಕೊಂಡ ಬಂದಳು. ಈಗ ಭಾರಿ ಚಲೋ ತಿರಗತೈತಿ ಅಂದಳು.

೪. ಅಕ್ಕಲಕೋಟ

ನನ್ನ ಹೆಂಡತಿ ಹೋಗಿ ಮೂರ ತಿಂಗಳಾಗಿತ್ತು. ಹುಡುಗಿ ಬಂದ, ರವಿವಾರ ಅಕ್ಕಲಕೋಟದಾಗ ಕಾರ್ಯಕ್ರಮ ಐತಿ, ಕಡೀ ಸಲ ಬರ್ರಿ ಕಾಕಾ ಅಂದಳು. ಮರುದಿನ ಗಿರಾಕಿ ಬರೂದು ಇತ್ತು. ಹೋದೆ.

ಲಗ್ನದ ಕಾರ್ಯಾಲಯದ ಕಿಡಕಿ ಹಾಕಿ ಕತ್ತಲಿ ಮಾಡಿದರು. ಗುಂಯ್ ಸುರು ಆತು. ನಾ ಎದ್ದೆ. ಮುಂಚೆ ಅಕಿ ಬಾಜೂಕ ಕುಂತ ಅಂಗಿ ಹಿಡದ ಜಗ್ಗತಿದ್ದಳು. ಈಗ ಜಗ್ಗಾವರಿಲ್ಲ. ಸೀದಾ ಗ್ವಾಡಿ ಮುಂದ ಹೋದೆ. ಬಿಳಿ ಧೋತರಾ, ಬಿಳಿ ಅಂಗಿ, ಬಿಳಿ ಟೊಪಗಿ. ಗ್ವಾಡಿ ಮ್ಯಾಲಿನ ಚಿತ್ರಾ ಎಲ್ಲಾ ನನ್ನ ಮ್ಯಾಲ ಬಿತ್ತು. ಹೊಟ್ಟಿ ಮ್ಯಾಲ ಕೆರಿ, ಬೆನ್ನ ಮ್ಯಾಲ ಕುರಿ ಹಿಂಡು. ನನಗೇನ ಗೊತ್ತು, ಹುಡುಗಿ ಆಮ್ಯಾಲ ಹೇಳಿದ್ದು. ಬಗ್ಗಿ ವಾಯರ್ ಹುಡಕಾಕತ್ತಿದ್ದೆ. ಮಂದಿ ಉಸರ ಹಿಡದ ಕುಂತಿತ್ತು. ವಾಯರ್ ಸಿಕ್ಕತು, ಜಗ್ಗಿದೆ. ಎಲ್ಲಾ ಗಪ್. ಮಂದಿ ಎದ್ದ ಚಪ್ಪಾಳಿ ಹೊಡೀತು.

ಬೋರಾಮಣಿ ಊರ ಕಡಿಯಾಂವ, ಕುರಿ ಕಾಯೂ ಮುದುಕ ಒಬ್ಬಾಂವ ಬಂದ ನನ್ನ ಕೈ ಹಿಡದ. ಉಳದದ್ದ ಒಂದೂ ತಿಳೀಲಿಲ್ಲ, ನೀ ಹುಡಕಿದ್ದಷ್ಟ ತಿಳೀತು ಅಂದ. ಕಣ್ಣಾಗ ನೀರ ಇದ್ದವು.

"ಏನ ಕಳಕೊಂಡಿದ್ದಿ, ಎಪ್ಪಾ?"

"ವಾಯರ್" ಅಂದೆ.

ಹುಡುಗಿಗೆ ನಗಿ ತಡೀಲಿಲ್ಲ. ಮುಂದಿನ ಸಲಾನೂ ಹಿಂಗ ಹುಡಕ್ರಿ ಅಂದಳು. ನಾನೂ ನಕ್ಕೆ. ಮೂರ ತಿಂಗಳದಾಗ ಮೊದಲನೇ ಸಲ.

ಮರುದಿನ ಮುಂಜಾನಿ ಗಿರಾಕಿಗೆ ಫೋನ್ ಮಾಡಿ ಬರಬ್ಯಾಡ ಅಂದೆ. ನವಿ ಪೇಠ ಬಜಾರಕ್ಕ ಹೋಗಿ ಹೊಸಾ ಧೋತರಾ ಕೇಳಿದೆ. ಅಂಗಡಿಯಾಂವ ಜರಿ ಅಂಚಿಂದ ತೋರಿಸಿದ. ಅಂಚ ಬ್ಯಾಡ, ಪೂರಾ ಬಿಳೀದ ಕೊಡ, ಕುರಿ ಸ್ವಚ್ಛ ಕಾಣಬೇಕು ಅಂದೆ. ಅಂವ ನನ್ನ ಮಾರಿ ನೋಡಿದ. ಮೊದಲ ಒಂದ ಗ್ಲಾಸ್ ನೀರ ತರಿಸಿದ.