ಹಿಪ್ಪುನೇರಳೆ ಬರೆಯಹೋಗಿ

ನಾನು ಗಣಪತಿ ಮಾಡಲು ಕೂತರೆ ಅವರಪ್ಪನೇ ಎದ್ದು ಬರುವುದು ಹೊಸದೇನಲ್ಲ. ರಾಮನಗರದಲ್ಲಿ ಅಂಗಡಿ ಬೋರ್ಡು, ಲಾರಿ ಹಿಂಭಾಗ ಬರೆದುಕೊಂಡು ಹಾಯಾಗಿದ್ದೆ. ಅಷ್ಟರಲ್ಲಿ ಫ್ಲೆಕ್ಸ್ ಬಂತು. ಇನ್ನು ಬೋರ್ಡು ನಂಬಿ ಬದುಕುವಂತಿಲ್ಲ, ಕಲಾವಿದ ಅನ್ನಿಸಿಕೊಳ್ಳಲೇಬೇಕು ಎಂದು ಹಠ ಹಿಡಿದೆ.

ಗಿಳಿ

ಹೈವೇ ಪಕ್ಕ ಹೊಸ ಕಾರ್ಖಾನೆಯೊಂದು ಎದ್ದಿತ್ತು. ಸೋಮವಾರ ಉದ್ಘಾಟನೆ, ಅದರ ಮ್ಯಾನೇಜರು ನನ್ನನ್ನು ಕರೆಸಿದ್ದು ಶುಕ್ರವಾರ. ಮೊದಲು ಅಲ್ಲಿ ಹಿಪ್ಪುನೇರಳೆ ತೋಟವಿತ್ತಂತೆ. ಅದರ ನೆನಪಿಗೆ ಒಳಬಾಗಿಲಲ್ಲಿ ಒಂದು ಕೊಂಬೆಯ ಚಿತ್ರ ಬೇಕು, ಸಸ್ಯಶಾಸ್ತ್ರದ ಪುಸ್ತಕದಲ್ಲಿರುವಂತೆ, ಇದ್ದದ್ದು ಇದ್ದ ಹಾಗೆ ಎಂದರು. ಅಲ್ಲೇ ಒಂದು ನಮೂನೆ ಬರೆದು ತೋರಿಸಿದೆ. ಅವರು ತುಂಬ ಹೊತ್ತು ನೋಡಿ, ಕೊಂಬೆಯ ಮೇಲೆ ಗಿಳಿ ಯಾಕೆ ಎಂದು ಕೇಳಿದರು.

"ಕೈ ರೂಢಿ ಸಾರ್. ಲಾರಿಯಿಂದ ಹಾರ್ಕೊಂಡು ಬಂದೈತೆ," ಎಂದೆ.

ಸೊಪ್ಪು

ನನ್ನ ಸೋದರಮಾವ ಕೈಲಾಂಚದ ರೈತ. ಅವನ ತೋಟದಿಂದ ಚೆಂದದ ಕೊಂಬೆ ತಂದು, ನೀರಿನ ಚೊಂಬಿನಲ್ಲಿಟ್ಟು, ಮುಖ ತೊಳೆದು ಬಂದೆ. ಚೊಂಬಿನಲ್ಲಿ ಬರೀ ಕಡ್ಡಿ ನಿಂತಿತ್ತು. ಮನೆಯಲ್ಲಿ ರೇಷ್ಮೆ ಹುಳ ಕೊನೆಯ ಸಲ ಪೊರೆ ಕಳಚಿ ನಾಲ್ಕನೇ ಜ್ವರದಿಂದ ಎದ್ದಿದ್ದವು. ಆಗ ಅವುಗಳ ಹಸಿವಿಗೆ ಲೆಕ್ಕವಿಲ್ಲ. ಎಲೆಯನ್ನೆಲ್ಲ ಹೆಂಡತಿ ಕಿತ್ತು ಹಾಕಿದ್ದಳು. ನಾನು ಕೂಗಾಡಿದೆ. ಅವಳು ಹುಳದ ತಟ್ಟೆ ಕಡೆಯಿಂದ ತಲೆ ಕೂಡ ಎತ್ತಲಿಲ್ಲ.

"ಸೊಪ್ಪನ್ನ ಯಾರಾರ ನೋಡಕ್ಕೆ ಅಂತ ತತ್ತಾರಾ? ಕಡ್ಡಿ ಐತಲ್ಲ, ಅದ್ನೇ ಬರ್ಕಳಿ."

ರೋಗ

ಭಾನುವಾರ ಮಾವನೇ ಇನ್ನೊಂದು ಕೊಂಬೆ ತಂದ. ಹುಳಗಳಿಗೆ ಸಿಗದಂತೆ ಅದನ್ನು ಮಡಿಲಲ್ಲಿಟ್ಟುಕೊಂಡೇ ಬರೆದೆ. ಎಲೆ ಹೊಳೆಯಲಿ ಎಂದು ಅಲ್ಲಲ್ಲಿ ಬಿಳಿ ಬಣ್ಣ ಸವರಿದೆ. ಮಾವ ಹತ್ತಿರ ಬಂದು ಬಗ್ಗಿ ನೋಡಿದ. ಇದಕ್ಕೆ ಬೂದಿ ರೋಗ ಬಂದಿದೆ, ಹುಳಕ್ಕೆ ಹಾಕಬೇಡ ಎಂದ. ಅದು ಬೆಳಕು ಮಾವ, ಕಲೆ ಎಂದೆ.

"ಕಲೇನೇ ಕಣ್ಲಾ, ಎಲೆ ತುಂಬ ಅದೇ ಐತೆ. ನೀನು ಬೋರ್ಡ್ ಬರ್ಕೊಂಡಿರು. ಕಲಾವಿದ ಗಿಲಾವಿದ ನಿನ್ ಕೈಲಾಗಕಿಲ್ಲ."

ಗೊಣಗುತ್ತಲೇ ಬಿಳಿ ಬಣ್ಣ ಅಳಿಸಿದೆ.

ಹೆಸರು

ಸೋಮವಾರ ಚಿತ್ರ ಗೋಡೆಗೇರಿತು. ಅತಿಥಿಗಳ ಕಾರು ಗೇಟಿಗೆ ಬಂದಾಗ ಮ್ಯಾನೇಜರು ಓಡಿ ಬಂದು, ಕೆಳಗೆ ಗಿಡದ ಶಾಸ್ತ್ರೀಯ ಹೆಸರನ್ನು ಕನ್ನಡದಲ್ಲಿ ಬರೆಯಿರಿ ಎಂದರು. ಮೋರಸ್ ಇಂಡಿಕಾ. ಒಂದು ಕಣ್ಣು ಗೇಟಿನ ಮೇಲಿಟ್ಟು ಹೇಗೋ ಬರೆದು ಪಕ್ಕಕ್ಕೆ ಸರಿದೆ. ಬೇರೆ ರಾಜ್ಯದ ದೊಡ್ಡವರೆಲ್ಲ ಚಿತ್ರ ನೋಡಿ ಚಪ್ಪಾಳೆ ತಟ್ಟಿದರು. ನಾನು ಉಬ್ಬಿಹೋದೆ.

ಆಮೇಲೆ ಜಮೀನು ಕೊಟ್ಟ ರೈತರು ಒಳಗೆ ಬಂದರು. ಅವರಲ್ಲಿ ಮಾವನೂ ಇದ್ದ. ಅವನ ಒಂದು ತೋಟ ಈ ಕಾರ್ಖಾನೆಗೇ ಹೋಗಿತ್ತು. ಮನೆಗೊಬ್ಬರಿಗೆ ಕೆಲಸ ಎಂದಿದ್ದವರು ಇನ್ನೂ ಯಾರನ್ನೂ ಕರೆದಿರಲಿಲ್ಲ. ಮಾವ ಚಿತ್ರದ ಮುಂದೆ ನಿಂತು, ಕೆಳಗಿನ ಹೆಸರನ್ನು ಎಲ್ಲರಿಗೂ ಕೇಳುವಂತೆ ಒಂದೊಂದೇ ಅಕ್ಷರ ಕೂಡಿಸಿ ಓದಿದ.

"ಮೋ... ಸ. ಮೋಸ ಇಂಡಿಕಾ."

ಗಾಬರಿಯಲ್ಲಿ ನಡುವಿನ 'ರ' ನುಂಗಿ, ಕೊನೆಯ 'ಸ್' ಅನ್ನು 'ಸ' ಮಾಡಿದ್ದೆ. ರೈತರೆಲ್ಲ ಗೋಡೆಯನ್ನೊಮ್ಮೆ, ಮ್ಯಾನೇಜರನ್ನೊಮ್ಮೆ ನೋಡಿದರು. ಕನ್ನಡ ಓದಲು ಬಾರದ ಮ್ಯಾನೇಜರು ಎಲ್ಲರಿಗೂ ಕೈ ಮುಗಿದು ನಕ್ಕರು. ಮಾವ ಬಂದು ನನ್ನ ಹೆಗಲ ಮೇಲೆ ಕೈ ಇಟ್ಟ.

"ತಪ್ಪಾಯ್ತು ಕಣ್ಲಾ, ನೀನು ಕಲಾವಿದನೇ. ಇದ್ದದ್ನ ಇದ್ದಂಗೇ ಬರ್ದಿದ್ದೀಯ."