ಹಿಂದಿನ ಎರಡು ಗಾಲಿ

ನಮ್ಮ ಚಿಕ್ಕಮಾವನವರಷ್ಟು ರೈಲನ್ನು ಹಚ್ಚಿಕೊಂಡವರು ಇಡೀ ಮೈಸೂರು ಸಂಸ್ಥಾನದಲ್ಲೇ ಇರಲಿಲ್ಲ. ಅಂಥವರು ಬಾಳುವೆ ಮಾಡಲು ಆರಿಸಿಕೊಂಡದ್ದು ಮಾತ್ರ ರೈಲಿನ ಕೂಗು ಕೂಡ ಕೇಳಿಸದ ದೊಡ್ಡೇರಿಯನ್ನು! ಈಜುವ ಹುಚ್ಚಿರುವವರು ಯಾರಾದರೂ ಬೋಳುಗುಡ್ಡದ ಮೇಲೆ ಮನೆ ಕಟ್ಟುತ್ತಾರೆಯೇ? ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ನಾಲ್ಕೂ ತಾಲ್ಲೂಕು ಸುತ್ತಿದರೂ ಆಗ ಒಂದು ಗಜ ಹಳಿ ಸಿಗುತ್ತಿರಲಿಲ್ಲ. ರೈಲು ನೋಡಬೇಕೆಂದರೆ ಇತ್ತ ತುಮಕೂರಿಗೋ ಅತ್ತ ಹಿಂದೂಪುರಕ್ಕೋ ಹೋಗಬೇಕಿತ್ತು. ಆದರೂ ನಮ್ಮ ಮನೆಯಲ್ಲಿ ಬೆಳಗೆದ್ದರೆ ಇಂಜಿನ್ನಿನ ಮಾತು. ಅದೂ ಎಲ್ಲ ಇಂಜಿನ್ನುಗಳದ್ದಲ್ಲ, ವೈ.ಬಿ. ಎಂಬ ಒಂದೇ ಜಾತಿಯದು. ಉಳಿದವೆಲ್ಲ ಅವರ ಲೆಕ್ಕದಲ್ಲಿ ಎತ್ತಿನ ಗಾಡಿಗಳು.

ನಾನು ಪಾವಗಡದ ಕಡೆಯಿಂದ ಆ ಮನೆಗೆ ಸೊಸೆಯಾಗಿ ಬಂದವಳು. ಚಿಕ್ಕಮಾವ ಎಂದರೆ ನನ್ನ ಮಾವನವರ ತಮ್ಮ. ಮನೆ ತುಂಬಿಸಿಕೊಂಡ ಮಾರನೆಯ ದಿನ ಉಳಿದ ಹಿರಿಯರೆಲ್ಲ ನನಗೆ ಬಳೆ, ರವಿಕೆ ಕಣ ಕೊಟ್ಟರೆ, ಇವರು ಒಂದು ಹಿಡಿ ಕಡಲೆಬೀಜ ತಂದು ನನ್ನ ಮುಂದೆ ನೆಲದ ಮೇಲೆ ಜೋಡಿಸಿದರು. ಮೊದಲು ನಾಲ್ಕು, ಆಮೇಲೆ ಆರು, ಕೊನೆಗೆ ಎರಡು.

“ಇದೇನು ಗೊತ್ತೇನಮ್ಮಾ?”

“ಕಡ್ಲೆಬೀಜ,” ಅಂದೆ.

“ಅಲ್ಲ ಕಣಮ್ಮ, ವೈ.ಬಿ.!”

ಮುಂದಿನ ನಾಲ್ಕು ಪುಟ್ಟ ಗಾಲಿಗಳು ತಿರುವಿನಲ್ಲಿ ದಾರಿ ತೋರಿಸುವುದಕ್ಕೆ. ನಡುವಿನ ಆರು ಎಳೆಯುವುದಕ್ಕೆ. ಒಂದೊಂದೂ ಹೆಚ್ಚು ಕಡಿಮೆ ನನ್ನಷ್ಟೇ ಎತ್ತರವಂತೆ. ಹೊಸ ಸೊಸೆ ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲವೆಂದು, “ಹಿಂದಿನ ಎರಡು ಯಾತಕ್ಕೆ?” ಎಂದು ಕೇಳಿಬಿಟ್ಟೆ. ಅವರ ಮುಖ ಅರಳಿದ್ದನ್ನು ನೋಡಬೇಕಿತ್ತು! ಆ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ.

“ಗುಟ್ಟಿರೋದೇ ಅಲ್ಲಿ ಕಣಮ್ಮ! ನಮ್ ದೇಶದ ಕಲ್ಲಿದ್ಲಲ್ಲಿ ಅರ್ಧಕ್ಕರ್ಧ ಬೂದಿ. ಅದ್ರಲ್ಲಿ ಶಾಖ ಏಳ್ಬೇಕು ಅಂದ್ರೆ ಒಲೆ ಅಗಲ ಇರ್ಬೇಕು. ಹಳಿ ನೋಡಿದ್ರೆ ಮೀಟರ್ ಅಗಲ. ದೊಡ್ಡ ಗಾಲಿಗಳ ಸಂದೀಲಿ ಅಗಲವಾದ ಒಲೆ ಹೆಂಗೆ ಕೂರ್ತದೆ? ಅದ್ಕೇ ಒಲೇನ ಹಿಂದಕ್ಕೆ ತಳ್ಳಿ, ಅದ್ರ ಕೆಳಗೆ ಎರಡು ಸಣ್ಣ ಗಾಲಿ ಕೊಟ್ಟವ್ರೆ. ಅವು ಎಳೆಯಲ್ಲ, ದಾರೀನೂ ತೋರ್ಸಲ್ಲ. ಬೆಂಕಿ ಹೊತ್ಕೊಂಡು ಸುಮ್ನೆ ಬರ್ತವೆ.”

ಇಷ್ಟು ಹೇಳಿ, ನಡುವಿನ ಆರು ಗಾಲಿಗಳನ್ನು ಬಾಯಿಗೆ ಹಾಕಿಕೊಂಡು ಎದ್ದು ಹೋದರು.

ಊರಿನ ಜನರನ್ನೂ ಅವರು ಇಂಜಿನ್ನಿನ ಲೆಕ್ಕದಲ್ಲೇ ಅಳೆಯುತ್ತಿದ್ದರು. ಕಾಫಿ ತಿಂಡಿ ಕೊಟ್ಟರೆ ಮಾತ್ರ ಕೆಲಸ ಮಾಡುವವರು ಕಿರಿದಾದ ಒಲೆಯವರು, ಒಳ್ಳೆಯ ಕಲ್ಲಿದ್ದಲಿಲ್ಲದೆ ಅಲುಗಾಡದವರು. ಅವರ ತಾಯಿ, ಅಂದರೆ ನಾವೆಲ್ಲ ಅಜ್ಜಿ ಎನ್ನುತ್ತಿದ್ದ ಮನೆಯ ಯಜಮಾನಿ, ಸೇಫ್ಟಿ ವಾಲ್ವು. ಇಂಜಿನ್ನಿನಲ್ಲಿ ಅದು ಒತ್ತಡ ಮೀರಿದಾಗ ಬುಸ್ಸೆನ್ನುತ್ತದಂತೆ. ನಮ್ಮ ಅಜ್ಜಿ ಒಲೆ ಹಚ್ಚುವ ಮೊದಲೇ ಬುಸ್ಸೆನ್ನುತ್ತಿದ್ದರು!

ನನ್ನ ನಾದಿನಿಯನ್ನು ನೋಡಲು ಪಟ್ಟನಾಯಕನಹಳ್ಳಿ ಕಡೆಯಿಂದ ಗಂಡಿನವರು ಬಂದರು. ಹುಡುಗನ ತಂದೆ ತಮ್ಮ ಬಾವಿ, ಹೊಲ, ಜೋಡೆತ್ತು ಎಲ್ಲವನ್ನೂ ವರ್ಣಿಸಿ ಮುಗಿಸಿದರು. ಮೂಲೆಯಲ್ಲಿ ಕೂತು ಕೇಳುತ್ತಿದ್ದ ಚಿಕ್ಕಮಾವ ಗಂಭೀರವಾಗಿ ಬಾಯಿ ಬಿಟ್ಟರು.

“ಎಳೆಯೋ ಗಾಲಿ ಆಯ್ತು. ಹುಡುಗನಿಗೆ ಹಿಂದಿನ ಗಾಲಿ ಐತಾ?”

ಬೀಗರು ಮಗನ ಬೆನ್ನ ಹಿಂದೆ ಬಗ್ಗಿ ನೋಡಿದರು. ಹುಡುಗನ ತಾಯಿಗೆ ಸಿಟ್ಟು ನೆತ್ತಿಗೇರಿತು. “ನಮ್ ಹುಡುಗನಿಗೆ ಯಾವ ಊನಾನೂ ಇಲ್ಲ! ಲೇ, ಎದ್ದು ನಡೆದು ತೋರ್ಸ್ಲಾ!” ಪಾಪ, ಹುಡುಗ ಎದ್ದು ಪಡಸಾಲೆಯ ಉದ್ದಕ್ಕೂ ಎರಡು ಸಲ ಹೋಗಿ ಬಂದ. ಮದುವೆಯೇನೋ ಆಯಿತು ಬಿಡಿ. ಆದರೆ ಆತ ಇವತ್ತಿಗೂ ನಮ್ಮ ಮನೆಯ ಹೊಸಿಲು ದಾಟುವಾಗ ಬಹಳ ಎಚ್ಚರಿಕೆಯಿಂದ ನೆಟ್ಟಗೆ ಹೆಜ್ಜೆ ಹಾಕುತ್ತಾನೆ.

ಇಷ್ಟೆಲ್ಲ ತಿಳಿದವರು ರೈಲು ಬಿಟ್ಟು ಊರಲ್ಲೇಕೆ ಇದ್ದರು ಎನ್ನುತ್ತೀರಾ? ಅವರು ವೈ.ಬಿ. ಇಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿದ್ದವರು. ಇನ್ನೇನು ಡ್ರೈವರಾಗಬೇಕು ಎನ್ನುವಾಗ ಹೆಂಡತಿಯನ್ನೂ ಒಂದು ಟ್ರಂಕನ್ನೂ ಕರೆದುಕೊಂಡು ಊರಿಗೆ ಬಂದುಬಿಟ್ಟಿದ್ದರು. ಕಾರಣವನ್ನು ಅವರೇ ಊರಿಗೆಲ್ಲ ಸಾರುತ್ತಿದ್ದರು: ಬೆಂಕಿಯ ಮುಂದೆ ನಿದ್ದೆ ಹೊಡೆದರಂತೆ, ಸ್ಟೀಮ್ ಬಿದ್ದು, ಅಂದರೆ ಆವಿಯ ಒತ್ತಡ ಇಳಿದು, ಗಾಡಿ ಬಯಲಿನಲ್ಲಿ ನಿಂತಿತಂತೆ, ಕೆಲಸದಿಂದ ಕಿತ್ತುಹಾಕಿದರಂತೆ. ನಾನು ಮೊದಲ ಸಲ ಕೇಳಿದಾಗ ಗಾಡಿ ನಿಂತಿದ್ದು ಅರ್ಧ ಗಂಟೆ. ಸಂಕ್ರಾಂತಿಯ ಹೊತ್ತಿಗೆ ಅದು ಅರ್ಧ ದಿನವಾಗಿತ್ತು. ಯುಗಾದಿಗೆ ಪ್ರಯಾಣಿಕರು ಇಳಿದು ಮೂರು ಕಲ್ಲು ಹೂಡಿ ಅಡುಗೆ ಮಾಡಿಕೊಂಡಿದ್ದರು!

ಅಜ್ಜಿಗೆ ಆ ಕತೆ ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು. “ಬೆಂಕಿ ಮುಂದೆ ಹೆಂಗ್ಲಾ ನಿದ್ದೆ ಬತ್ತದೆ ನಿಂಗೆ? ಡ್ರೈವರ್ ಆಗಿ ಬೂಟು ಹಾಕ್ಕೊಂಡು ಮೆರೆಯೋದು ಬುಟ್ಟು ಇಲ್ಲಿ ಬಂದು ಒಲೆ ಕೆರೀತಾ ಕೂತವ್ನೆ!”

ಒಲೆಯ ವಿಷಯ ಹೇಳಲೇಬೇಕು. ಅವರ ಹೆಂಡತಿ, ನಮ್ಮ ಚಿಕ್ಕತ್ತೆಗೆ, ಮಾತು ಕಡಿಮೆ, ಕೆಮ್ಮು ಜಾಸ್ತಿ. ನಮ್ಮ ಅಡುಗೆಮನೆಗೆ ಕಿಟಕಿ ಇರಲಿಲ್ಲ. ಜಾಲಿ ಸೌದೆ, ತೊಗರಿ ಕಡ್ಡಿ ಹೊತ್ತಿಕೊಂಡರೆ ನನ್ನ ಕೈ ನನಗೇ ಕಾಣುತ್ತಿರಲಿಲ್ಲ. ಮುದ್ದೆ ತೊಳಸುವಷ್ಟರಲ್ಲಿ ಚಿಕ್ಕತ್ತೆ ಗೋಡೆ ಹಿಡಿದುಕೊಂಡು ಹೊರಗೆ ಬಂದು, ಕೆಮ್ಮಿ ಕೆಮ್ಮಿ, ಉಸಿರು ಸಿಕ್ಕದೆ ಕೂತುಬಿಡುವರು. ಒಂದೊಂದು ದಿನ ಇವರು ಇನ್ನು ಏಳುತ್ತಾರೋ ಇಲ್ಲವೋ ಎಂದು ನನಗೆ ಭಯವಾಗುತ್ತಿತ್ತು. ಆ ಹೊಗೆಯನ್ನು ಹೊರಗೆ ಓಡಿಸಿ ಆ ಕೆಮ್ಮು ನಿಲ್ಲಿಸಬೇಕೆಂಬುದು ಚಿಕ್ಕಮಾವನ ಹಟ. ಅದೂ ವೈ.ಬಿ. ಕ್ರಮದಲ್ಲಿ!

ದಿನಾ ಬೆಳಗ್ಗೆ ಅಡುಗೆಯಾಗುವಾಗ ಅವರು ಹಿತ್ತಲಿನ ಜಗಲಿಯ ಮೇಲೆ ಕಣ್ಣು ಮುಚ್ಚಿ ಕೂರುತ್ತಿದ್ದರು. ಅಡುಗೆ ಮುಗಿದ ಮೇಲೆ ಎದ್ದು ಸೀಮೆಸುಣ್ಣದಲ್ಲಿ ಗೋಡೆಗೆ ಒಂದು ಅಂಕಿ ಬರೆಯುವರು.

“ಸ್ಟೀಮ್ ಎಷ್ಟು ಮಾವ?” ಎಂದು ನಾನು ಕೆಣಕುತ್ತಿದ್ದೆ.

“ನಲವತ್ತೆರಡು ಕಣಮ್ಮ. ಇನ್ನೂ ಇಳೀಬೇಕು.”

ಸ್ಟೀಮ್ ಏರಬೇಕಲ್ಲವೇ, ಇಳಿಯುವುದೇಕೆ ಎಂದು ಕೇಳುವಷ್ಟು ಬುದ್ಧಿ ನನಗಿರಲಿಲ್ಲ.

ಮೊದಲನೆಯ ಒಲೆಯನ್ನು ಎಷ್ಟು ಅಗಲ ಮಾಡಿದರೆಂದರೆ ರೊಟ್ಟಿಯ ಹಂಚು ಒಳಗೇ ಬಿದ್ದುಹೋಯಿತು. ಎರಡನೆಯದರಲ್ಲಿ ಬುದ್ಧಿ ಉಪಯೋಗಿಸಿದರು, ಅಲ್ಲೇ ಕೆಟ್ಟಿತು. ಇಂಜಿನ್ನಿನಲ್ಲಿ ದುಡಿದು ದಣಿದ ಆವಿಯನ್ನು ಸುಮ್ಮನೆ ಬಿಡುವುದಿಲ್ಲವಂತೆ. ಅದನ್ನು ಚಿಮಣಿಯೊಳಗೆ ನುಗ್ಗಿಸುತ್ತಾರಂತೆ. ಅದು ಛಕ್ ಎಂದು ಮೇಲಕ್ಕೆ ಹಾರುವಾಗ ಹೊಗೆಯನ್ನೂ ಎಳೆದುಕೊಂಡು ಹೋಗುತ್ತದೆ, ಒಲೆಗೆ ಗಾಳಿ ನುಗ್ಗುತ್ತದೆ. ಸರಿ, ನಮ್ಮ ಮನೆಯಲ್ಲಿ ಆವಿ ಎಲ್ಲಿದೆ? ಸಾರಿನ ಮಡಕೆಯಲ್ಲಿದೆ! ಮಡಕೆಯ ಮುಚ್ಚಳಕ್ಕೆ ತೂತು ಕೊರೆದು, ತಗಡಿನ ಕೊಳವೆ ಸಿಕ್ಕಿಸಿ, ಸೂರಿನ ಮೇಲೆ ಎದ್ದ ಚಿಮಣಿಗೆ ಸೇರಿಸಿದರು.

ಅದು ಶ್ರಾವಣ ಮಾಸ. ತಿಂಗಳಿಡೀ ಮನೆಯಲ್ಲಿ ಮಾಂಸ ಕೂಡದೆಂದು ಅಜ್ಜಿಯ ಕಟ್ಟಪ್ಪಣೆ. ಅವರು ಎರಡು ದಿನದ ಮಟ್ಟಿಗೆ ಕೊರಟಗೆರೆಯ ನೆಂಟರ ಮನೆಗೆ ಹೋಗಿದ್ದೇ ತಡ, ಗಂಡಸರೆಲ್ಲ ಸೇರಿ ಒಂದು ಹುಂಜ ಹಿಡಿದರು. ಕದ ಹಾಕಿಕೊಂಡು ಗುಟ್ಟಾಗಿ ಅಡುಗೆ ಶುರುವಾಯಿತು. ಪಾವಗಡದಿಂದ ನನ್ನನ್ನು ನೋಡಲು ಬಂದಿದ್ದ ನಮ್ಮಮ್ಮ ಕೊಳವೆ ನೋಡಿ, “ಅಯ್ಯೋ ದೇವುಡಾ! ಮಡಕೆಗೆ ಮೂಗು ಇಟ್ಟವ್ರಾ?” ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡರು. ಸಾರು ಕುದಿಯಿತು. ಆವಿ ಏರಿತು. ಹೊಗೆ ಸ್ವಲ್ಪ ಎಳೆದುಕೊಂಡಿದ್ದೂ ನಿಜ! ಚಿಕ್ಕಮಾವ ಕುಣಿಯುವುದೊಂದು ಬಾಕಿ.

ಆದರೆ ಧನಿಯ, ಚಕ್ಕೆ, ಲವಂಗದ ಸಮೇತ ಕೋಳಿ ಸಾರಿನ ಘಮಘಮ ಚಿಮಣಿಯಿಂದ ಎದ್ದು ಇಡೀ ದೊಡ್ಡೇರಿಯ ಮೇಲೆ ಇಳಿಯಿತು. ಮೊದಲು ಬೀದಿಯ ನಾಯಿಗಳು ಬಂದವು. ಆಮೇಲೆ ಪಕ್ಕದ ಮನೆಯವರು ಹೆಪ್ಪಿಗೆ ಮೊಸರು ಕೇಳುವ ನೆಪದಲ್ಲಿ ಬಂದರು. ಕೊನೆಗೆ, ಒಂದು ದಿನ ಮುಂಚೆಯೇ ಹೊರಟು ಬಸ್ಸಿಳಿದ ಅಜ್ಜಿ ಬಂದರು. ಊರ ಬಾಗಿಲಿನಿಂದಲೇ ಮೂಗು ಅರಳಿಸಿಕೊಂಡು, ವಾಸನೆಯ ಬೆನ್ನು ಹತ್ತಿ, ನೇರವಾಗಿ ತಮ್ಮ ಮನೆಯ ಬಾಗಿಲಿಗೇ ಬಂದು ನಿಂತರು. ಆ ದಿನ ಸೇಫ್ಟಿ ವಾಲ್ವು ಹಾರಿದ ಸದ್ದು ಮಧುಗಿರಿ ಬೆಟ್ಟಕ್ಕೆ ಕೇಳಿಸಿರಬೇಕು. ನಾವು ಸಾರನ್ನು ನಾಯಿಗಳಿಗೆ ಸುರಿದೆವು. ಚಿಕ್ಕಮಾವ ಮಾತ್ರ, “ಎಳೆತ ಚೆನ್ನಾಗಿತ್ತು ಅಲ್ವೇನಮ್ಮಾ?” ಎಂದು ನನ್ನನ್ನು ಮೆಲ್ಲಗೆ ಕೇಳಿದರು.

ಚಿಮಣಿಯ ಅಳತೆ ತಪ್ಪಿದೆ, ಇನ್ನೊಂದು ಸಲ ವೈ.ಬಿ. ನೋಡಿಯೇ ಬರಬೇಕು ಎಂದು ಹಟ ಹಿಡಿದರು. ಅವರು, ಚಿಕ್ಕತ್ತೆ, ನಾನು, ನನ್ನ ಗಂಡ ತುಮಕೂರಿಗೆ ಹೊರಟೆವು. ಅದು ಯುದ್ಧಕಾಲ. ಪೆಟ್ರೋಲ್ ಸಿಗದೆ ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿದ್ದರು. ಏರು ಬಂದಲ್ಲೆಲ್ಲ ಜನ ಇಳಿದು ತಳ್ಳಬೇಕು. ಕೊರಟಗೆರೆ ದಾಟಿದ ಮೇಲೆ ಚಿಕ್ಕಮಾವ ಒಮ್ಮೆ ಇಳಿದರು, ತಳ್ಳಲಿಕ್ಕಲ್ಲ, ಕಂಡಕ್ಟರಿಗೆ ಪಾಠ ಹೇಳಲಿಕ್ಕೆ. “ಇಷ್ಟು ಕಿರಿದಾದ ಒಲೆ ಇಟ್ಕೊಂಡು ಹೆಂಗಯ್ಯಾ ಹತ್ತಿಸ್ತೀಯ?” ಎಂದು ಅವರು ವಿವರಿಸುತ್ತಿರುವಂತೆಯೇ ಬಸ್ಸು ಏರು ಹತ್ತಿ ಹೊರಟೇಹೋಯಿತು. ಅದನ್ನು ಹಿಡಿಯಲು ಅವರು ಓಡಿದ ವೇಗಕ್ಕೆ ವೈ.ಬಿ.ಯೂ ನಾಚಬೇಕು.

ತುಮಕೂರು ಸ್ಟೇಷನ್ನಿನಲ್ಲಿ ಚಿಕ್ಕತ್ತೆ ಒಳಗೆ ಬರಲಿಲ್ಲ. ಆಚೆ ಮರದ ಕೆಳಗೆ ಸೆರಗನ್ನು ಮೂಗಿಗೆ ಒತ್ತಿಕೊಂಡು ನಿಂತರು. ದಾರಿಯಲ್ಲಿ ಗಂಡ ಹೆಂಡಿರಿಗೆ ಏನೋ ಮುನಿಸಾಗಿರಬೇಕು ಎಂದುಕೊಂಡೆ.

ವೈ.ಬಿ. ಬಂತು. ಸುಳ್ಳು ಹೇಳುವುದಿಲ್ಲ, ನನಗೆ ಕೈ ಮುಗಿಯುವಂತಾಯಿತು. ಆ ಕರಿ ಮೈ, ಬೆವರಿದಂತೆ ಹೊಳೆಯುವ ಉಕ್ಕಿನ ತೋಳುಗಳು, ನನ್ನೆತ್ತರದ ಗಾಲಿಗಳು! ಹಿಂದುಗಡೆ, ಕೆಂಡದಿಂದ ಬೆಳಗುತ್ತಿದ್ದ ಅಗಲ ಒಲೆಯ ಕೆಳಗೆ, ಯಾರ ಕಣ್ಣಿಗೂ ಬೀಳದ ಹಾಗೆ ಒಂದು ಸಣ್ಣ ಗಾಲಿ. ಅದರ ಜೋಡಿ ಆ ಬದಿಯಲ್ಲಿ. ಚಿಕ್ಕಮಾವ ಅದನ್ನು ದನದ ಮೈ ಸವರುವ ಹಾಗೆ ಸವರಿದರು. ಅಷ್ಟರಲ್ಲಿ ಡ್ರೈವರ್ ಬಗ್ಗಿ ನೋಡಿ, ಧಡಧಡ ಇಳಿದು ಬಂದು ಅವರ ಎರಡೂ ಕೈ ಹಿಡಿದುಕೊಂಡ.

“ಅಣ್ಣಾ! ಎಲ್ಲಿ ಹೋಗ್ಬುಟ್ಯೋ? ನಿನ್ನಂಗೆ ಸ್ಟೀಮ್ ಹಿಡಿಯೋ ಕೈ ಇನ್ನೊಂದು ಬರ್ಲಿಲ್ಲ ಕಣೋ. ಒಂದು ದಿನಾನೂ ಬೀಳಿಸ್ದೋನಲ್ಲ ನೀನು!”

ಚಿಕ್ಕಮಾವ ಗಾಬರಿಯಿಂದ ನನ್ನ ಕಡೆ ನೋಡಿ, “ಚಿಮಣಿ ಅಳತೆ ಹೇಳು ಮಾರಾಯ,” ಎಂದು ಮಾತು ತಿರುಗಿಸಿದರು. ಹಳೆಯ ಗೆಳೆಯನಲ್ಲವೇ, ಮುಖಸ್ತುತಿ ಮಾಡುತ್ತಿದ್ದಾನೆ ಎಂದು ನಾನೂ ಸುಮ್ಮನಾದೆ.

ಮೂರನೆಯ ಒಲೆ ಗೆದ್ದಿತು. ಅಗಲವಾದ ಬಾಯಿ, ಬೂದಿ ಕೆಳಗೆ ಉದುರಲು ಕಬ್ಬಿಣದ ಸಲಾಕೆಗಳು, ಸೂರು ದಾಟಿ ಆಳೆತ್ತರ ಎದ್ದ ಚಿಮಣಿ. ಸಾರಿನ ಆವಿಗೆ ಮಾತ್ರ ಅಜ್ಜಿ ಕೈ ಹಾಕಗೊಡಲಿಲ್ಲ. ಹೊಗೆ ಹೇಳಿದ ಮಾತು ಕೇಳಿ ಹೊರಗೆ ಹೋಗತೊಡಗಿತು. ಗೋಡೆಯ ಮೇಲಿನ ಅಂಕಿ ಇಪ್ಪತ್ತಾಯಿತು, ಹತ್ತಾಯಿತು. ಅಕ್ಕಪಕ್ಕದ ಹೆಂಗಸರು ಬಂದು ನೋಡಿ, ತಮಗೂ ಅಂಥದ್ದೇ ಬೇಕೆಂದು ದುಂಬಾಲು ಬಿದ್ದರು.

ಅಂಥ ಹೊತ್ತಿನಲ್ಲಿ ರೈಲಿನವರಿಂದ ಇಂಗ್ಲಿಷಿನಲ್ಲಿ ಒಂದು ಕಾಗದ ಬಂತು. ಸ್ಕೂಲು ಮೇಷ್ಟರು ಓದಿ ಹೇಳಿದರು: ಯುದ್ಧದಿಂದಾಗಿ ಕೈ ಸಾಲದು, ಅನುಭವಸ್ಥರು ಬೇಕು, ಕೂಡಲೇ ಬಂದರೆ ಡ್ರೈವರ್ ಕೆಲಸ. ಅಜ್ಜಿ ಬೀದಿಗೆಲ್ಲ ಸಕ್ಕರೆ ಹಂಚಿದರು. ಚಿಕ್ಕಮಾವ ಕಾಗದವನ್ನು ಎರಡು ಸಲ ಮುಟ್ಟಿ ನೋಡಿ ಮಡಚಿ ಕೊಟ್ಟರು.

“ನಾನು ಹೋಗಲ್ಲ. ಬೆಂಕಿ ಮುಂದೆ ನಿದ್ದೆ ಬಂದ್ಬುಡ್ತದೆ.”

ಅಜ್ಜಿ ಬಾಯಿಗೆ ಬಂದಂತೆ ಬೈದರು. ಉಳಿದವರೆಲ್ಲ ನಕ್ಕರು. ನಾನೂ ನಗುತ್ತಲೇ ಅಡುಗೆಮನೆಗೆ ಹೋದೆ. ಚಿಕ್ಕತ್ತೆ ಒಲೆಯ ಮುಂದೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು. ಹೊಗೆಯಿಲ್ಲದ ಅಡುಗೆಮನೆಯಲ್ಲಿ ಕಣ್ಣೀರಿಗೆ ನೆಪ ಸಿಗುವುದಿಲ್ಲ ನೋಡಿ!

“ಅವರು ನಿದ್ದೆನೂ ಮಾಡ್ಲಿಲ್ಲ, ಗಾಡೀನೂ ನಿಲ್ಲಲಿಲ್ಲ ಕಣಮ್ಮ,” ಅಂದರು. “ಇಂಜಿನ್ ಶೆಡ್ಡಿನ ಪಕ್ಕದಲ್ಲೇ ನಮ್ ಮನೆ. ಹಗ್ಲೂ ರಾತ್ರಿ ಕಲ್ಲಿದ್ಲು ಹೊಗೆ. ನಂಗೆ ಉಸ್ರು ಕಟ್ಟೋದು. ಇಲ್ಲೇ ಇದ್ರೆ ಉಳಿಯಲ್ಲ ಅಂದ್ರು ಡಾಕ್ಟ್ರು. ನನ್ನನ್ನ ಊರಲ್ಲಿ ಬುಟ್ಟು ನೀವು ಕೆಲ್ಸ ಮಾಡಿ ಅಂದೆ. ‘ಅಲ್ಲಿ ಒಲೆ ಹೊಗೆ ಇಲ್ವಾ? ಅದನ್ನ ಯಾರು ನೋಡ್ತಾರೆ?’ ಅಂದ್ಬುಟ್ಟು, ಕೆಲ್ಸ ಬೇಡ ಅಂತ ಬರ್ಕೊಟ್ಟು ಬಂದ್ಬುಟ್ರು. ನನ್ನಿಂದ ಮಗನ ಕೆಲ್ಸ ಹೋಯ್ತು ಅಂತ ಗೊತ್ತಾದ್ರೆ ಅತ್ತೆ ನನ್ನ ಸುಮ್ನೆ ಬುಡ್ತಾರಾ? ಅದ್ಕೇ ಆ ನಿದ್ದೆ ಕತೆ. ನಾನೇ ನಿಜ ಹೇಳ್ಬುಡ್ತೀನಿ ಅಂದ್ರೆ, ಅವತ್ತು ಗಾಡೀನ ಇನ್ನೊಂದು ಗಂಟೆ ಜಾಸ್ತಿ ನಿಲ್ಲಿಸಿ ಹೇಳ್ತಾರೆ.”

ಅವರು ಸೆರಗಿನಲ್ಲಿ ಮೂಗು ಒರೆಸಿಕೊಂಡು ಹಿತ್ತಲಿನ ಗೋಡೆಯ ಕಡೆ ಕೈ ತೋರಿಸಿದರು. “ಅದನ್ನ ನೀವೆಲ್ಲ ಸ್ಟೀಮ್ ಲೆಕ್ಕ ಅಂತೀರಲ್ಲ. ಅದು ನನ್ ಕೆಮ್ಮು. ಬೆಳಗ್ಗೆ ಎಷ್ಟು ಸಲ ಕೆಮ್ಮಿದೆ ಅಂತ ಹೊರಗೆ ಕೂತು ಎಣಿಸ್ತಾರೆ.”

ನಾನು ಹಿತ್ತಲಿಗೆ ಓಡಿದೆ. ಚಿಕ್ಕಮಾವ ಜಗಲಿಯ ಮೇಲೆ ಕೂತು ಕಡಲೆಬೀಜ ಸುಲಿಯುತ್ತಿದ್ದರು. ಅವರನ್ನು ನೋಡಿ ಎಷ್ಟು ನಕ್ಕಿದ್ದೆ ಎಂದು ನೆನೆದು ನಾಚಿಕೆಯಾಯಿತು. ಗೋಡೆಯ ಮೇಲೆ ಆ ದಿನದ ಅಂಕಿ ಇತ್ತು.

“ಮಾವಾ, ನಲವತ್ತೆರಡು ಇದ್ದದ್ದು ಮೂರಕ್ಕೆ ಬಂದೈತಲ್ಲ. ಒಲೆ ನಾನು ನೋಡ್ಕೊಳ್ತೀನಿ. ಚಿಕ್ಕತ್ತೇನೂ ನೋಡ್ಕೊಳ್ತೀನಿ. ನೀವು ಹೋಗಿ, ಡ್ರೈವರ್ ಆಗಿ,” ಅಂದೆ.

ಅವರು ಬೆರಳಿನ ಸೀಮೆಸುಣ್ಣವನ್ನು ಪಂಚೆಗೆ ಒರೆಸಿಕೊಂಡು, ಗೋಡೆಯ ಕಡೆ ತಿರುಗಿದರು.

“ಮೂರು ಇನ್ನೂ ಐತಲ್ಲ ಕಣಮ್ಮ,” ಅಂದರು.