ಸುರುಳಿ ಕವಿತೆಯೂ ಅವ್ವನ ನೀಲಿ ಸೀರೆಯೂ

ಅಕ್ಷರಗಳನ್ನೇ ಚಿತ್ರದಂತೆ ಜೋಡಿಸಿ ಬರೆಯುವ ಕವಿತೆ ಗಂಡಸರ ಸಂಶೋಧನೆ, ಹೆಂಗಸರು ಆಮೇಲೆ ಬಂದು ಓದಿ ಮೆಚ್ಚಿಕೊಂಡರು ಎನ್ನುವುದು ಹಾನಗಲ್ಲಿನ ನಮ್ಮ ಸಾಹಿತ್ಯ ಬಳಗದಲ್ಲಿ ಚಾಲ್ತಿಯಲ್ಲಿರುವ ಇತಿಹಾಸ. ಬಳಗದ ಅಧ್ಯಕ್ಷರಾದ ಮಲ್ಲನಗೌಡ ಸರ್ ಇದನ್ನು ಎಷ್ಟು ಸಲ ಹೇಳಿದ್ದಾರೆಂದರೆ ಈಗ ಅವರಿಗೂ ಅದು ನಿಜವೆನಿಸಿದೆ.

ನಾನು ಒಪ್ಪಲಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು. ಒಪ್ಪುವುದನ್ನು ನನಗೆ ಯಾರೂ ಕಲಿಸಿಲ್ಲ. ಸಭೆಯಲ್ಲೇ ಎದ್ದು ನಿಂತೆ. ಇನ್ನೊಬ್ಬರ ಪತ್ರ ಬಡಿಯಲೆಂದು ಟೈಪರೈಟರಿನ ಮುಂದೆ ಕೂರಿಸಿದ ಹೆಂಗಸರೇ ಅದೇ ಯಂತ್ರದಲ್ಲಿ ಅಕ್ಷರಗಳಿಂದ ಅಲೆ, ಹಕ್ಕಿ ಮೂಡಿಸಿದರು ಎಂದೆ. ಬಟ್ಟೆಯ ಮೇಲೆ ಕವಿತೆ ಹೊಲಿದವರಿದ್ದಾರೆ ಎಂದೆ. ದೂರ ಯಾಕೆ, ನಮ್ಮ ಮನೆಗಳಲ್ಲಿ ಕಟ್ಟು ಹಾಕಿಸಿ ತೂಗುಬಿಟ್ಟ ಕಸೂತಿಯ 'ಸುಸ್ವಾಗತ'ದಲ್ಲಿ ಗಿಳಿ ಎಲ್ಲಿ ಮುಗಿದು ಅಕ್ಷರ ಎಲ್ಲಿ ಶುರುವಾಗುತ್ತದೆ, ತೋರಿಸಿ ಎಂದು ಸವಾಲೆಸೆದೆ. ಬರುವ ಸಮಾವೇಶದಲ್ಲಿ ಇದಕ್ಕೊಂದು ಗೋಷ್ಠಿ ಬೇಕೇ ಬೇಕೆಂದು ಪಟ್ಟು ಹಿಡಿದೆ.

ಸರ್ ಕನ್ನಡಕ ಒರೆಸಿಕೊಂಡರು. “ಬಾಯಿಲೆ ಭಾಳ ಛಲೋ ಹೇಳ್ತಿ ತಂಗಿ. ರವಿವಾರ ಮಾಡಿ ತೋರಸು. ನೋಡುವಂಗಿದ್ರ ಸಮಾವೇಶದಾಗ ಅರ್ಧ ತಾಸು ನಿಂದು. ಇಲ್ಲಂದ್ರ ಆ ಅರ್ಧ ತಾಸು ಸನ್ಮಾನಕ್ಕ ಹೋಗ್ತೈತಿ.”

ಸನ್ಮಾನ ಯಾರಿಗೆಂದು ಯಾರೂ ಕೇಳಲಿಲ್ಲ. ಪ್ರತಿ ವರ್ಷ ಅವರಿಗೇ.

ರವಿವಾರ ಬೆಳಿಗ್ಗೆ ಅವ್ವನ ಕಡುನೀಲಿ ಇಳಕಲ್ ಸೀರೆ ಉಟ್ಟು, ಅವ್ವನನ್ನೂ ಕರೆದುಕೊಂಡು ಬಳಗದ ಸಭಾಭವನಕ್ಕೆ ಹೋದೆ. ಯೋಜನೆ ಭವ್ಯವಾಗಿತ್ತು. ನೆಲದ ತುಂಬ ರಂಗೋಲಿಯಲ್ಲಿ ಬರೆದ ಸುರುಳಿ ಕವಿತೆ! ಹೆಣ್ಣುಮಕ್ಕಳು ಹುಟ್ಟಿದಂದಿನಿಂದ ಕೇಳುವ 'ಬ್ಯಾಡ'ಗಳೆಲ್ಲ ಸುತ್ತುಸುತ್ತಾಗಿ ಒಳಗೆ ಸಾಗುತ್ತವೆ: ಜೋರಾಗಿ ನಗಬ್ಯಾಡ, ಹೊಸ್ತಿಲ ಮ್ಯಾಲೆ ಕುಂದ್ರಬ್ಯಾಡ, ಎದುರು ಮಾತಾಡಬ್ಯಾಡ. ನಟ್ಟನಡುವೆ ಕೊನೆಯ ಸಾಲು: 'ಹೊರಗ ಬರೂ ದಾರಿ ನನಗ ಗೊತ್ತೈತಿ.' ಹೊಳೆದಾಗ ನನಗೇ ಮೈ ಜುಮ್ಮೆಂದಿತ್ತು.

ಹೊರಸುತ್ತಿನಿಂದ ಶುರು ಮಾಡಿದೆ. ನಡುವಿನಿಂದ ಹಾಕುತ್ತ ಹಿಂದಕ್ಕೆ ಸರಿಯಬೇಕಲ್ಲವೇ ಎಂದು ಅವ್ವ ಕೇಳಿದಳು. ಮುಷ್ಟಿಯಲ್ಲಿ ಪುಡಿ ಹಿಡಿದುಕೊಂಡೇ ನಾನು ಅವಳ ವಾದವನ್ನು ಖಂಡಿಸಿದೆ. ಅದು ರಂಗೋಲಿಯ ನಿಯಮ, ಇದು ಕವಿತೆ. ಓದುಗರು ಹೋಗುವ ದಾರಿಯಲ್ಲೇ ಕವಿಯೂ ಹೋಗಬೇಕು. ಬಾಲದಿಂದ ಬರೆದರೆ ಭಾವ ಕೆಡುತ್ತದೆ. ಅವ್ವ ಕುರ್ಚಿ ಎಳೆದುಕೊಂಡು ಕೂತಳು. ಗೆದ್ದೆ ಎಂದು ನಾನು ತಿಳಿದೆ. ಅವಳು ಆಟ ನೋಡಲು ಕೂತಿದ್ದಳು.

ಸುತ್ತುಗಳ ನಡುವಿನ ಜಾಗಕ್ಕೆಲ್ಲ ಬಳ್ಳಿ ತುಂಬಿದೆ. ಕೊನೆಯ ಅಕ್ಷರ ಬರೆದು, ಕೈ ಝಾಡಿಸಿ, ತಲೆ ಎತ್ತಿದೆ. ನಾಲ್ಕೂ ದಿಕ್ಕಿಗೆ ಕವಿತೆ. ನನ್ನ ಪಾದ ಊರಿದಷ್ಟೇ ನೆಲ ಉಳಿದಿತ್ತು. ಹಾರೋಣವೆಂದರೆ ಉಟ್ಟದ್ದು ಸೀರೆ.

“ಅವ್ವಾ, ಹಲಗಿ ಗಿಲಗಿ ಏನರ ಈ ಕಡೆ ಚಾಚು.”

“ಯಾಕವಾ? ದಾರಿ ಗೊತ್ತೈತಿ ಅಂತ ಬರದಿಯಲ್ಲ. ಓದಕೋಂತ ಬಾ.”

ತುಳಿದು ಬಂದು ಆಮೇಲೆ ತಿದ್ದಬಹುದಿತ್ತು. ಅಷ್ಟರಲ್ಲಿ ಅಕ್ಕಿಆಲೂರಿನ ಬಸ್ಸಿಳಿದ ಬಳಗದ ಹೆಂಗಸರೂ ಅವರ ಹಿಂದೆಯೇ ಮಲ್ಲನಗೌಡ ಸರ್ ಕೂಡ ಒಳಗೆ ಬಂದರು. ನಾನು ಕುಕ್ಕರಗಾಲಿನಲ್ಲಿ ಕೂತು, ಕಣ್ಣು ಮುಚ್ಚಿ, ನಾನೂ ಕವಿತೆಯ ಒಂದು ಭಾಗವೆಂಬಂತೆ ಅಲುಗಾಡದೆ ಉಳಿದೆ. ಹೆಂಗಸರು ಸುತ್ತು ಹಾಕುತ್ತ ಗಟ್ಟಿಯಾಗಿ ಓದತೊಡಗಿದರು. ತನ್ನ ಅತ್ತೆಯ ಒಳ್ಳೊಳ್ಳೆಯ 'ಬ್ಯಾಡ'ಗಳೇ ಬಿಟ್ಟುಹೋಗಿವೆ ಎಂದು ಒಬ್ಬಾಕೆ ತಕರಾರು ತೆಗೆದಳು. ನಗುವೋ ನಗು. ಸರ್ ಮಾತ್ರ ಗಂಭೀರವಾಗಿ, ನಡುವೆ ಹೆಣ್ಣಿನ ಮೂರ್ತಿ ಕೂರಿಸಿದ್ದು ಬಹಳ ಅರ್ಥಗರ್ಭಿತ ಎಂದರು. ಅರ್ಧ ತಾಸು ನನ್ನದಾದಂತೆಯೇ ಇತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಆದರೆ ಅವರು ಮುಂದುವರಿಸಿದರು: ಇಂಥದ್ದನ್ನೂ ಮೊದಲು ಮಾಡಿದವರು ಗಂಡಸರೇ.

ಮೂರ್ತಿ ಎದ್ದು ನಿಂತಿತು. “ಸರ್, ಆಧಾರ ಏನೈತ್ರಿ?” ಎನ್ನುವಷ್ಟರಲ್ಲಿ ಜೋಮು ಹಿಡಿದ ಕಾಲು ನನ್ನ ಪಕ್ಷ ಬಿಟ್ಟಿತು. ಕೊನೆಯ ಸಾಲಿನ ಮೇಲೆ ದೊಪ್ಪನೆ ಬಿದ್ದೆ! ಇನ್ನು ಉಳಿಸುವುದೇನಿತ್ತು? ಎದ್ದು, ನಗಬ್ಯಾಡ, ಕುಂದ್ರಬ್ಯಾಡ, ಮಾತಾಡಬ್ಯಾಡ ಎಲ್ಲವನ್ನೂ ತುಳಿಯುತ್ತ, ಕುಂಟುತ್ತ ಹೊರಬಂದೆ. ಸೀರೆಯ ಹಿಂಭಾಗದಲ್ಲಿ 'ದಾರಿ ನನಗ ಗೊತ್ತೈತಿ' ಬೆಳ್ಳಗೆ, ತಿರುಗುಮುರುಗಾಗಿ ಅಚ್ಚಾಗಿತ್ತಂತೆ. ಹೆಂಗಸರು ಚಪ್ಪಾಳೆ ನಿಲ್ಲಿಸಲೇ ಇಲ್ಲ.

ಅರ್ಧ ತಾಸು ಸಿಕ್ಕಿತು. ಸರ್ ಅಲ್ಲೇ ಘೋಷಿಸಿದರು. ಷರತ್ತು ಒಂದೇ.

“ಕಡೀಕ ಆ ಬೀಳೂದು ಮಾತ್ರ ಬಿಡಬ್ಯಾಡ ತಂಗಿ. ಅಷ್ಟು ಸಹಜ ಅಭಿನಯ ನಾ ಎಲ್ಲೂ ನೋಡಿಲ್ಲ.”

ಹೀಗಾಗಿ, ಇತಿಹಾಸದಲ್ಲಿ ಹೆಣ್ಣುಮಕ್ಕಳ ಪಾಲನ್ನು ಸ್ಥಾಪಿಸಲು ಹೊರಟವಳು ಈಗ ಪಡಸಾಲೆಯಲ್ಲಿ ಬೀಳುವ ತಾಲೀಮು ಮಾಡುತ್ತಿದ್ದೇನೆ. ಅವ್ವನ ಪ್ರಕಾರ ಇನ್ನೂ ಮೊದಲಿನಷ್ಟು ಚೆನ್ನಾಗಿ ಬರುತ್ತಿಲ್ಲ. ನಿನ್ನೆ ಬಸ್ ನಿಲ್ದಾಣದಲ್ಲಿ, ಶಿಗ್ಗಾಂವಿ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ಸರ್ ಅವರನ್ನು ತಡೆದು ಕೇಳಿಯೇಬಿಟ್ಟೆ:

“ಸರ್, ಆ ಅರ್ಧ ತಾಸು ನಾ ಬರದದ್ದಕ್ಕ ಕೊಟ್ರೋ, ಬಿದ್ದದ್ದಕ್ಕ ಕೊಟ್ರೋ?”